ಚೀಟಿಯಲ್ಲಿಲ್ಲದ ಬಳಪ: ಬಸಿರಿನ ಮೊದಲ ಮೂರು ತಿಂಗಳ ಊಟ

(ತಾಲ್ಲೂಕು ಕೇಂದ್ರವೊಂದರ ಸಮುದಾಯ ಭವನದಲ್ಲಿ ಗರ್ಭಿಣಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಎದುರು ಸ್ತ್ರೀರೋಗ ತಜ್ಞೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಕಳೆದ ಶ್ರಾವಣದಲ್ಲಿ ಏಳು ವಾರದ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಿದ್ದಳು. ಅತ್ತೆಯ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಎರಡೂ ಬದಿಗೆ ಬರೆದದ್ದು. ಪಪ್ಪಾಯಿ, ಅನಾನಸ್, ಎಳ್ಳು, ಬೆಲ್ಲ, ಮೊಟ್ಟೆ, ನುಗ್ಗೆ, ಹಲಸು, ಬದನೆಕಾಯಿ, ಹುರುಳಿ, ಕಡಲೆಕಾಯಿ, ಮಾವು. ಅಂಟಿಕೊಂಡ ಜೋಡಿ ಬಾಳೆಹಣ್ಣೂ ಇತ್ತು. ತಿಂದರೆ ಅವಳಿ ಹುಟ್ಟುತ್ತದಂತೆ. “ಇಷ್ಟನ್ನು ಬಿಡಿಸಿದ್ದೇವೆ ಡಾಕ್ಟರಮ್ಮ, ಇನ್ನೇನಾದರೂ ಬಿಡಿಸಬೇಕೇ?” ಎಂದರು.

“ಅಮ್ಮಾ, ಬಿಡಿಸಿದ್ದು ಗೊತ್ತಾಯಿತು. ತಿನ್ನುತ್ತಿರುವುದು ಏನು?” ಎಂದು ಕೇಳಿದೆ. ಅನ್ನ, ತಿಳಿಸಾರು, ಹಾಲಿನಲ್ಲಿ ಅದ್ದಿದ ಬ್ರೆಡ್ಡು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಬಸುರಿಗೆ ಅದು ಕನಿಷ್ಠ 11 ಇರಬೇಕು.

ರಕ್ತದೊತ್ತಡ ನೋಡಲು ಕೈ ಹಿಡಿದಾಗ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಕಣ್ಣಿಗೆ ಬಿದ್ದವು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಸ್ಲೇಟು ತಿದ್ದಿ ಬಂದ ಮಗುವಿನ ಬೆರಳಿನ ಹಾಗೆ. ಅತ್ತೆಯನ್ನು ತಾಯಿ ಕಾರ್ಡ್ ಬರೆಸಲು ಹೊರಗೆ ಕಳುಹಿಸಿ ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಕೈಚೀಲದಿಂದ ಬಳಪದ ಡಬ್ಬಿ ತೆಗೆದಳು. ಅರ್ಧ ಖಾಲಿ. ಎರಡು ದಿನಕ್ಕೆ ಒಂದು ಡಬ್ಬಿಯಂತೆ.

ಅಷ್ಟುದ್ದದ ಚೀಟಿಯಲ್ಲಿ ಬಳಪ ಇರಲಿಲ್ಲ. ಇವತ್ತು ನಾನು ಮಾತನಾಡುವುದೆಲ್ಲ ಆ ಚೀಟಿಯ ಬಗ್ಗೆಯೇ. ಅದರಲ್ಲಿದ್ದ ಬಹುಪಾಲು ಪದಾರ್ಥಗಳಿಗೆ ಅಲ್ಲಿ ಜಾಗವೇ ಇರಬಾರದಿತ್ತು, ಇರಬೇಕಾದ ಒಂದೂ ಅಲ್ಲಿರಲಿಲ್ಲ.

ಪಪ್ಪಾಯಿಯನ್ನು ಮೊದಲೇ ಮುಗಿಸಿಬಿಡೋಣ, ಇಲ್ಲದಿದ್ದರೆ ಕೊನೆಯವರೆಗೂ ನಿಮ್ಮ ಮನಸ್ಸು ಅಲ್ಲೇ ಇರುತ್ತದೆ. ಪಪ್ಪಾಯಿ ಕಾಯಿಯನ್ನು ಗೀರಿದರೆ ಬಿಳಿ ಸೊನೆ ಸುರಿಯುತ್ತದಲ್ಲ, ಮಾಂಸ ಬೇಗ ಬೇಯಲೆಂದು ಕಾಯಿ ತುರಿದು ಹಾಕುವುದು ಆ ಸೊನೆಯ ಬಲದಿಂದಲೇ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ಸೊನೆ ತಾಗಿದಾಗ ಇಲಿಯ ಗರ್ಭಕೋಶ ಹಿಂಡಿಕೊಂಡಿತು, ಪೂರ್ತಿ ಹಣ್ಣಾದ ಪಪ್ಪಾಯಿಯ ರಸ ತಾಗಿದಾಗ ಹಾಗಾಗಲಿಲ್ಲ. ಇಲಿಯ ಗರ್ಭಕೋಶವೇ ಬೇರೆ, ನಮ್ಮದೇ ಬೇರೆ, ನಿಜ. ಆದರೂ ಕಾಯಿ ಮತ್ತು ದೋರೆಗಾಯಿಯಿಂದ ದೂರ ಇರಲು ಅಷ್ಟು ಕಾರಣ ಸಾಕು. ಚೆನ್ನಾಗಿ ಕಳಿತ ಹಣ್ಣು ಎರಡು ಹೋಳು ತಿಂದವಳನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಹಿರಿಯರಿಗೆ ಭಯವಿದ್ದರೆ ಬಿಟ್ಟುಬಿಡಿ, ಜಗಳ ಬೇಡ. ಸೀಬೆ ಇದೆ, ಬಾಳೆಹಣ್ಣು ಇದೆ, ಕಿತ್ತಳೆ ಇದೆ. ಪಪ್ಪಾಯಿ ಬಿಟ್ಟು ಬಡವಾದ ಬಸುರಿಯನ್ನು ನಾನು ಕಂಡಿಲ್ಲ. ಮೊಟ್ಟೆ, ಕಡಲೆಕಾಯಿ, ಎಳ್ಳು, ನುಗ್ಗೆಸೊಪ್ಪು ಬಿಟ್ಟು ಬಡವಾದವರನ್ನು ದಿನಾ ಕಾಣುತ್ತೇನೆ. ಉಷ್ಣ ಎಂಬ ಒಂದೇ ಮಾತಿನಲ್ಲಿ ನಾವು ಊರಿನ ಅಷ್ಟೂ ಕಬ್ಬಿಣ, ಅಷ್ಟೂ ಸುಣ್ಣದ ಅಂಶವನ್ನು ಅವಳ ತಟ್ಟೆಯಿಂದ ಎತ್ತಿಡುತ್ತೇವೆ.

ಇಲ್ಲೊಂದು ಮಾತು, ಇದು ಊಟದ ಮಾತಲ್ಲ, ಆದರೂ ಹೇಳಬೇಕು. ಮಧ್ಯವಯಸ್ಸಿನ ಒಬ್ಬರು ಬೇರೆ ಯಾವುದೋ ಕಾಯಿಲೆಗೆ ನನ್ನ ಬಳಿ ಬಂದವರು ಎದ್ದು ಹೋಗುವ ಮುಂಚೆ ಕೇಳಿದರು: “ನಾದಿನಿಯ ಮದುವೆಯಲ್ಲಿ ಎರಡು ಚಮಚ ಪೈನಾಪಲ್ ಕೇಸರಿಬಾತ್ ತಿಂದಿದ್ದೆ. ಆ ವಾರವೇ ಗರ್ಭ ಹೋಯಿತು. ಅದರಿಂದಲೇ ಅಲ್ಲವೇ?” ಆ ಮದುವೆ ನಡೆದು ಹನ್ನೊಂದು ವರ್ಷವಾಗಿತ್ತು. ಕೇಸರಿಬಾತಿಗೆ ಬೆಂದು ಬೀಳುವ ನಾಲ್ಕು ಚೂರು ಅನಾನಸ್ ಯಾವ ಗರ್ಭವನ್ನೂ ಕದಲಿಸಲಾರದು. ಬಸಿರೆಂದು ಗೊತ್ತಾದ ಮೇಲೂ ನೂರಕ್ಕೆ 10ರಿಂದ 15 ಗರ್ಭಗಳು ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ, ಅಂದರೆ ಅಪ್ಪ ಅಮ್ಮನ ಗುಣಗಳನ್ನು ಮಗುವಿಗೆ ಹೊತ್ತು ತರುವ ಎಳೆಗಳ, ಲೆಕ್ಕ ತಪ್ಪಿರುವುದು. ಅದು ಬಹುಮಟ್ಟಿಗೆ ಗರ್ಭ ಕಟ್ಟಿದ ದಿನವೇ ತೀರ್ಮಾನವಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತಿರುವ ಅತ್ತೆಯಂದಿರನ್ನು ಕೈಮುಗಿದು ಕೇಳುತ್ತೇನೆ: ಮನೆಯಲ್ಲಿ ಹಾಗೇನಾದರೂ ಆದರೆ “ಅವತ್ತು ಏನು ತಿಂದೆ?” ಎಂದು ಸೊಸೆಯನ್ನು ಕೇಳಬೇಡಿ.

ಈಗ ಚೀಟಿಯಲ್ಲಿ ಇರಬೇಕಾದದ್ದಕ್ಕೆ ಬರೋಣ. ಪದಾರ್ಥ ಯಾವುದು ಎಂಬುದಕ್ಕಿಂತ ಅದು ಬೆಂದಿದೆಯೇ, ಎಷ್ಟು ಹೊತ್ತು ಕೂತಿದೆ, ಯಾವ ನೀರು ಕುಡಿದಿದೆ, ಯಾವ ಕೈ ಮುಟ್ಟಿದೆ ಎಂಬುದು ಮುಖ್ಯ. ಬಸಿರಿನಲ್ಲಿ ದೇಹದ ಕಾವಲು ಬದಲಾಗುತ್ತದೆ. ಬೇರೆಯವರಿಗೆ ಒಂದು ದಿನದ ಹೊಟ್ಟೆನೋವಾಗಿ ಹೋಗುವ ಸೋಂಕು ಬಸುರಿಯನ್ನು ಹೆಚ್ಚು ಕಾಡಬಹುದು.

ಲಿಸ್ಟೀರಿಯ ಎಂಬ ಒಂದು ಬ್ಯಾಕ್ಟೀರಿಯಾ ಇದೆ. ಉಳಿದವರಿಗಿಂತ ಗರ್ಭಿಣಿಯರಿಗೆ ಅದು ತಗಲುವ ಸಾಧ್ಯತೆ ಸುಮಾರು ಹತ್ತು ಪಟ್ಟು ಹೆಚ್ಚು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು, ಅಷ್ಟೇ. ಹವಾ ಬದಲಾಗಿದೆ ಎಂದು ಸುಮ್ಮನಾಗುತ್ತಾಳೆ. ಅದು ಮಾಸು ದಾಟಿ ಮಗುವನ್ನು ಮುಟ್ಟುತ್ತದೆ, ಗರ್ಭ ಹೋಗಲೂಬಹುದು. ಅದಕ್ಕೇ ಹೇಳುವುದು, ಬಸಿರಿನಲ್ಲಿ ಬಂದ ಜ್ವರಕ್ಕೆ ಮೆಡಿಕಲ್ ಸ್ಟೋರಿನ ಮಾತ್ರೆ ಸಾಲದು, ತೋರಿಸಿಕೊಳ್ಳಬೇಕು. ಈ ಬ್ಯಾಕ್ಟೀರಿಯಾದ ಇನ್ನೊಂದು ಗುಣವೆಂದರೆ ಫ್ರಿಜ್ಜಿನ ತಣ್ಣಗೆ ಅದಕ್ಕೆ ಲೆಕ್ಕಕ್ಕಿಲ್ಲ, ಅಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಭಾನುವಾರದ ಸಾರನ್ನು ಬುಧವಾರದವರೆಗೆ ಫ್ರಿಜ್ಜಿನಲ್ಲಿಟ್ಟು, ಮೇಲೆ ಮೇಲೆ ಬೆಚ್ಚಗೆ ಮಾಡಿ ಬಡಿಸುವುದು ಬಸುರಿಯ ತಟ್ಟೆಗೆ ಬೇಡ. ಮಾರನೇ ದಿನಕ್ಕೆ ಉಳಿದದ್ದನ್ನು ಕೊತಕೊತ ಕುದಿಸಿ. ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುವ ಫ್ರಿಜ್ಜನ್ನಂತೂ ಪೂರ್ತಿ ನಂಬಬೇಡಿ.

ಹೋಟೆಲಿನಲ್ಲಿ ತಿನ್ನಬಹುದೇ ಎಂದು ಎಲ್ಲರೂ ಕೇಳುತ್ತಾರೆ. ತಿನ್ನಿ, ಆದರೆ ನೋಡಿ ತಿನ್ನಿ. ಇಡ್ಲಿ ಹಬೆಯಿಂದ ಈಗಷ್ಟೇ ಇಳಿದಿರುತ್ತದೆ, ಸಾಂಬಾರು ಒಲೆಯ ಮೇಲೆ ಕುದಿಯುತ್ತಿರುತ್ತದೆ. ಅವಕ್ಕೆ ಹೆದರಬೇಡಿ. ಪಕ್ಕದ ಚಟ್ನಿಗೆ ಹೆದರಿ. ಬೆಳಿಗ್ಗೆ ಆರಕ್ಕೆ ರುಬ್ಬಿದ ಕಾಯಿ ಚಟ್ನಿ ಸ್ಟೀಲ್ ಬಕೆಟ್ಟಿನಲ್ಲಿ ಕೂತು, ಹನ್ನೊಂದರ ಹೊತ್ತಿಗೆ ತಳ ಕಂಡಾಗ ಒಂದು ಚೊಂಬು ನಲ್ಲಿ ನೀರು ಬೆರೆತು, ಮತ್ತೆ ಬಕೆಟ್ ತುಂಬಿಕೊಂಡು ನಿಮ್ಮ ಟೇಬಲ್ಲಿಗೆ ಬರುತ್ತದೆ. ಅದು ಕುದಿಯುವುದಿಲ್ಲ, ಬೇಯುವುದಿಲ್ಲ. ಪಾನಿಪುರಿಯ ಪಾನಿಯದೂ ಇದೇ ಕಥೆ, ಕಬ್ಬಿನ ಹಾಲಿಗೆ ಹಾಕುವ ಐಸಿನದೂ ಇದೇ ಕಥೆ. ಪುರಿ ತಪ್ಪು ಮಾಡಿಲ್ಲ, ಕಬ್ಬೂ ತಪ್ಪು ಮಾಡಿಲ್ಲ.

ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರು ಮಾಡಿದ ಒಂದು ಪದಾರ್ಥವೂ ನನ್ನ ಚೀಟಿಯಲ್ಲಿದೆ: ಹಸಿ ಮೊಳಕೆಕಾಳು. ಕಾಳು ಮೊಳೆಯುವ ತೇವ, ಬಿಸುಪು ಬ್ಯಾಕ್ಟೀರಿಯಾಕ್ಕೂ ಹೇಳಿ ಮಾಡಿಸಿದ್ದು, ಮತ್ತು ಮೊಳಕೆಯೊಳಗೆ ಸೇರಿದ್ದು ತೊಳೆದರೆ ಹೋಗುವುದಿಲ್ಲ. ಮೊಳಕೆ ಹುರುಳಿಯ ಸಾರು ಮಾಡಿ, ಹೆಸರುಕಾಳಿನ ಉಸಲಿ ಮಾಡಿ, ಬೇಯಿಸಿದರೆ ಅದರಷ್ಟು ಒಳ್ಳೆಯದಿಲ್ಲ. ಕೋಸಂಬರಿಯನ್ನು ಮನೆಯಲ್ಲಿ ಆಗಷ್ಟೇ ಕಲಸಿದ್ದರೆ, ಸೌತೆಕಾಯಿ ಚೆನ್ನಾಗಿ ತೊಳೆದಿದ್ದರೆ ಸರಿ; ಬೆಳಗಿನ ಪೂಜೆಯದು ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಪಾಲಿಗೆ ಉಳಿದಿದ್ದರೆ ನೀವು ಒಂದು ಕಾಳು ಬಾಯಿಗೆ ಹಾಕಿಕೊಂಡು ಕೈಮುಗಿಯಿರಿ ಎನ್ನಲು ಹೊರಟಿದ್ದೆ. ಬೇಡ, ಅದೂ ಬೇಡ. ಬಾಳೆಹಣ್ಣು ತೆಗೆದುಕೊಳ್ಳಿ.

ಮಾಂಸ ತಿನ್ನುವ ಮನೆಗಳಲ್ಲಿ ನಮ್ಮ ಸಾರು, ಪಲ್ಯ ಚೆನ್ನಾಗಿಯೇ ಬೇಯುತ್ತವೆ. ಎಡವಟ್ಟು ಆಗುವುದು ಈಳಿಗೆಮಣೆಯಲ್ಲಿ. ಕೋಳಿ ಕತ್ತರಿಸಿದ ಈಳಿಗೆಯನ್ನು ಸೀರೆ ಸೆರಗಿಗೋ ಬಟ್ಟೆಗೋ ಒರೆಸಿ ಅದರಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚುತ್ತೇವೆ. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ಮೊದಲು ತರಕಾರಿ ಹೆಚ್ಚಿ, ಆಮೇಲೆ ಕೋಳಿ. ಈ ಒಂದು ಅದಲುಬದಲಿಗೆ ಕಾಸು ಖರ್ಚಿಲ್ಲ. ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ, ಹಾಫ್ ಬಾಯ್ಲ್ ಹೆರಿಗೆಯ ನಂತರಕ್ಕೆ ಇರಲಿ. ಬೆಕ್ಕು ಓಡಾಡುವ ಹಿತ್ತಲಿನಲ್ಲಿ ಮಣ್ಣಿನ ಕೆಲಸ ಮಾಡಿದರೆ ಸೋಪಿನಿಂದ ಕೈ ತೊಳೆಯದೆ ಅಡುಗೆಮನೆಗೆ ಬರಬೇಡಿ. ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಆ ಮಣ್ಣಿನಲ್ಲೂ ಇರುತ್ತದೆ, ಸರಿಯಾಗಿ ಬೇಯದ ಮಾಂಸದಲ್ಲೂ ಇರುತ್ತದೆ.

ಹಾಲಿನ ವಿಷಯದಲ್ಲಿ ನಾವು ಕನ್ನಡಿಗರು ಬುದ್ಧಿವಂತರು, ಕಾಯಿಸದೆ ಕುಡಿಯುವುದಿಲ್ಲ. ಆದರೆ ಬಸುರಿಗೆ ಶಕ್ತಿ ಬರಲೆಂದು ಕೊಟ್ಟಿಗೆಯಿಂದ ನೇರವಾಗಿ ನೊರೆಹಾಲು ತಂದುಕೊಡುವ ಮನೆಗಳು ಇನ್ನೂ ಇವೆ. ಹಸು ಸಾಕುವವರು ಇಲ್ಲಿದ್ದೀರಿ, ಕಂದು ರೋಗ ಎಂದರೆ ನಿಮಗೆ ಹೇಳಬೇಕಾಗಿಲ್ಲ. ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ. ಆ ಬ್ಯಾಕ್ಟೀರಿಯಾ ಹಸಿ ಹಾಲಿನಲ್ಲಿ ಮನುಷ್ಯರಿಗೂ ಬರುತ್ತದೆ, ಬಸುರಿಯ ಗರ್ಭಕ್ಕೂ ಅದು ಅಪಾಯವೇ. ಒಂದು ಉಕ್ಕು ಬರುವವರೆಗೆ ಕಾಯಿಸಿದರೆ ಸತ್ತುಹೋಗುತ್ತದೆ. ಅಭಿಷೇಕದ ಹಾಲೂ ಹಸಿ ಹಾಲೇ. ನಾನೂ ದೇವಸ್ಥಾನಕ್ಕೆ ಹೋಗುವವಳು. ಕಣ್ಣಿಗೊತ್ತಿಕೊಂಡು, ಮನೆಗೆ ತಂದು, ಕಾಯಿಸಿ ಕುಡಿಯಿರಿ. ಪ್ರಸಾದ ಕಾಯಿಸಿದರೆ ಕಡಿಮೆಯಾಗುವುದಿಲ್ಲ.

ನೀರಿನ ಬಗ್ಗೆ ಒಂದು ಹಳೆಯ ಘಟನೆ ಹೇಳುತ್ತೇನೆ. 1955ರ ಪ್ರವಾಹದಲ್ಲಿ ದೆಹಲಿಯ ಯಮುನೆ ಪಾತ್ರ ಬದಲಿಸಿತು. ಚರಂಡಿಯ ನೀರು ಊರಿಗೆ ನೀರೆತ್ತುವ ಜಾಗಕ್ಕೇ ಬಂದು ಸೇರಿತು. ಕೆಲವೇ ವಾರಗಳಲ್ಲಿ ಸುಮಾರು 29,000 ಜನರಿಗೆ ಕಾಮಾಲೆ. ಹೆಚ್ಚಿನವರು ಗುಣವಾದರು, ಆದರೆ ಗರ್ಭಿಣಿಯರು ಉಳಿದವರಿಗಿಂತ ಹೆಚ್ಚು ಸತ್ತರು. ಅದು ಈಗ ನಾವು ಹೆಪಟೈಟಿಸ್ ಇ ಎಂದು ಕರೆಯುವ ಸೋಂಕು ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ 20ರಿಂದ 25 ತಾಯಂದಿರ ಜೀವಕ್ಕೇ ಕುತ್ತು. ಮೊದಲ ತಿಂಗಳುಗಳ ಮಾತಿನಲ್ಲಿ ಇದನ್ನೇಕೆ ತಂದೆ ಎಂದರೆ, ನೀರು ಕುದಿಸುವ ಅಭ್ಯಾಸ ಒಂಬತ್ತನೇ ತಿಂಗಳಲ್ಲಿ ಹುಟ್ಟುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೀರಿ, ಸರಿ. ಆ ಕ್ಯಾನಿನ ಒಳಗೆ ಒಮ್ಮೆ ಟಾರ್ಚು ಬಿಟ್ಟು ನೋಡಿ. ತಳದಲ್ಲಿ ಹಸಿರು ಪಾಚಿ ಕಂಡರೆ ಶುದ್ಧ ನೀರು ಘಟಕದಲ್ಲೇ ಉಳಿಯಿತೆಂದು ಅರ್ಥ.

ಇನ್ನು ಬಿಡಬಾರದ್ದು. ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ನನಗೆ ಇಷ್ಟವಾದ ಕಥೆ ಇದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಯ ಬಡ ಹೆಂಗಸರು ಬಸುರಿಯಾದಾಗ ರಕ್ತ ತೀರಾ ಇಳಿದು ಸಾಯುತ್ತಿದ್ದರು. ರೋಗಾಣು ಇರಬೇಕೆಂದು ಹುಡುಕಿದರೆ ಸಿಗಲಿಲ್ಲ. ಆಕೆ ಅವರ ತಟ್ಟೆ ನೋಡಿದರು. ಕೊನೆಗೆ ಯೀಸ್ಟಿನಿಂದ ತಯಾರಿಸಿದ, ಅಗ್ಗದ, ಬ್ರೆಡ್ಡಿಗೆ ಸವರುವ ಮಾರ್ಮೈಟ್ ಕೊಟ್ಟಾಗ ರಕ್ತ ಏರಿತು. ಅದರಲ್ಲಿ ಏನೋ ಇದೆ, ಏನೆಂದು ಗೊತ್ತಿಲ್ಲ. ಹತ್ತು ವರ್ಷದ ಮೇಲೆ, 1941ರಲ್ಲಿ, ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಪದಾರ್ಥ ಬೇರ್ಪಡಿಸಿ, ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಇರುವ ಹೆಸರಿನಿಂದ ಫೋಲಿಕ್ ಆಮ್ಲ ಎಂದು ಕರೆದರು. ನಮ್ಮ ಮಾತಿನಲ್ಲಿ ಸೊಪ್ಪಿನ ಸತ್ವ. ನಿಮಗೆ ಕೊಡುವ ಆ ಪುಟ್ಟ ಮಾತ್ರೆಯ ಹಿಂದೆ ನಮ್ಮ ದೇಶದ ಗಿರಣಿಯ ಹೆಂಗಸರಿದ್ದಾರೆ.

ಆ ಮಾತ್ರೆ ಏಕೆ ಎಂದರೆ, ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ನಿಂತು ಎರಡು ವಾರವಾಗಿರುತ್ತದೆ, ಎಷ್ಟೋ ಮಂದಿಗೆ ಬಸಿರೆಂದೇ ಗೊತ್ತಿರುವುದಿಲ್ಲ. ಫೋಲಿಕ್ ಆಮ್ಲ ಸಾಲದಿದ್ದರೆ ನಾಳ ಮುಚ್ಚದೆ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಅಂಥ ಮಗು ಒಮ್ಮೆ ಹುಟ್ಟಿದ್ದ ತಾಯಂದಿರಿಗೆ ಮುಂದಿನ ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆದ್ದರಿಂದ ಮಗು ಬೇಕೆಂದು ಯೋಚಿಸುವ ತಿಂಗಳಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ. ಹಿಂದೆ ಅಂಥ ಮಗು ಆಗಿದ್ದವರು, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕಾಣಬೇಕು, ಅವರ ಪ್ರಮಾಣ ಬೇರೆ.

ಸೊಪ್ಪು ತಿಂದರೆ ಸಾಲದೇ ಎಂದರೆ, ಮಾತ್ರೆಯ ಬದಲಿಗೆ ಸಾಲದು, ಜೊತೆಗೆ ಬೇಕು. ಈ ಸತ್ವ ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲುವವರು ಅರ್ಧ ಸೊಪ್ಪನ್ನೇ ಚೆಲ್ಲಿದ ಹಾಗೆ. ಇದಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ: ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ ಬಸಿದು, ಬಸಿದ ಕಟ್ಟಿಗೇ ಖಾರ ರುಬ್ಬಿ ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ. ಮುದ್ದೆಯ ಜೊತೆ ತಿನ್ನಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು.

ಬಳಪದ ಹುಡುಗಿಯನ್ನು ಮರೆತಿಲ್ಲ. ಬಳಪ, ಸೀಮೆಸುಣ್ಣ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನಬೇಕೆಂಬ ಚಪಲವನ್ನು ನಾವು ಬಯಕೆ ಎಂದು ನಗುತ್ತೇವೆ. ಬಹಳ ಸಲ ಅದು ರಕ್ತ ಕಡಿಮೆಯಾಗಿರುವುದರ ಗುರುತು. ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆ ಇರಬಹುದು, ಸೀಸ ಇರಬಹುದು. ಬೈದರೆ ಬಿಡುವುದಿಲ್ಲ, ಅಡಗಿಸಿಟ್ಟು ತಿನ್ನುತ್ತಾರೆ. ರಕ್ತ ತುಂಬಿದರೆ ಚಪಲ ತಾನಾಗಿ ಇಳಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಆಸ್ಪತ್ರೆಯ ಕೆಂಪು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣದ್ದು, ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ 180 ದಿನ. ಇವಳ ಹಾಗೆ ಮೊದಲೇ ಇಳಿದಿದ್ದರೆ ವೈದ್ಯರು ಬೇಗ ಶುರು ಮಾಡುತ್ತಾರೆ. ಮಲ ಕಪ್ಪಾದರೆ ಹೆದರಬೇಡಿ. ಕಾಫಿ, ಟೀ ಜೊತೆ ಮಾತ್ರ ನುಂಗಬೇಡಿ. ಊಟಕ್ಕೆ ಒಂದು ಗಂಟೆ ಹಿಂದೆ, ಒಂದು ಗಂಟೆ ಮುಂದೆ ಅವೆರಡೂ ಬೇಡ. ಆರು ವಾರ ಬಿಟ್ಟು ಬಂದಾಗ ಅವಳೇ ಹೇಳಿದಳು, “ಈಗ ಅದರ ವಾಸನೆ ಆಗುವುದಿಲ್ಲ.” ಅತ್ತೆಯೂ ಬಂದಿದ್ದರು. ಚೀಟಿಯಲ್ಲಿ ನುಗ್ಗೆ, ಮೊಟ್ಟೆ, ಕಡಲೆಕಾಯಿಗೆ ಗೀಟು ಬಿದ್ದಿತ್ತು. ಪಪ್ಪಾಯಿ ಹಾಗೇ ಇತ್ತು. ನಾನು ಸುಮ್ಮನಿದ್ದೆ.

ಇನ್ನುಳಿದವು ಬೇಗ ಹೇಳುತ್ತೇನೆ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟ ಮೀರದಿರಲಿ. ಬಂಗುಡೆ, ಬೂತಾಯಿ ಧಾರಾಳವಾಗಿ ತಿನ್ನಿ. ಶಾರ್ಕಿನಂಥ ದೊಡ್ಡ ಬೇಟೆ ಮೀನಿನಲ್ಲಿ ಪಾದರಸ ಸೇರಿಕೊಂಡಿರುತ್ತದೆ, ಅದು ಬೇಡ. ಲಿವರ್ ಮೊದಲ ತಿಂಗಳುಗಳಲ್ಲಿ ಬೇಡ, ಅದರ ವಿಟಮಿನ್ ಎ ಅತಿಯಾದರೆ ಮಗುವಿಗೆ ತೊಂದರೆ. ಕೇಸರಿ ಹಾಲಿನಿಂದ ಮಗು ಬೆಳ್ಳಗಾಗುವುದಿಲ್ಲ, ಮಗುವಿನ ಬಣ್ಣ ಅಪ್ಪ ಅಮ್ಮನದು. ಪುಡಿ, ಭಸ್ಮ ಎಂದು ಹೆಸರಿಲ್ಲದ ಪೊಟ್ಟಣ ಕೊಟ್ಟರೆ ತೆಗೆದುಕೊಳ್ಳಬೇಡಿ. ನಮ್ಮ ದೇಶದಿಂದ ಹೋದ ಇಂಥ ಔಷಧಿಗಳಿಂದ ನ್ಯೂಯಾರ್ಕಿನಲ್ಲಿ ಗರ್ಭಿಣಿಯರ ರಕ್ತಕ್ಕೆ ಸೀಸ ಸೇರಿದ್ದು 2012ರಲ್ಲಿ ವರದಿಯಾಗಿತ್ತು. ಮದ್ಯ ಒಂದು ಗುಟುಕೂ ಬೇಡ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು ಇಲ್ಲಿ ಕೈ ಎತ್ತುವುದಿಲ್ಲ ಎಂದು ಗೊತ್ತು. ಒಬ್ಬೊಬ್ಬರೇ ಬಂದು ಹೇಳಿ, ಬಿಡಿಸೋಣ.

“ಇಬ್ಬರ ಊಟ ಮಾಡು” ಎಂದು ಮೊದಲ ತಿಂಗಳಿಂದಲೇ ಒತ್ತಾಯಿಸಬೇಡಿ. ಮೂರು ತಿಂಗಳು ತುಂಬುವಾಗ ಮಗು ಐದಾರು ಸೆಂಟಿಮೀಟರ್, ನಿಂಬೆಹಣ್ಣಿನಷ್ಟು. ಹೆಚ್ಚಿನ ಊಟದ ಅಗತ್ಯ ನಾಲ್ಕನೇ ತಿಂಗಳಿಂದ. ಈಗ ಇದ್ದದ್ದು ಹೊಟ್ಟೆಯಲ್ಲಿ ನಿಂತರೆ ಸಾಕು. ವಾಂತಿ ಆರನೇ ವಾರಕ್ಕೆ ಶುರುವಾಗಿ, ಒಂಬತ್ತರ ಆಸುಪಾಸಿನಲ್ಲಿ ಹೆಚ್ಚಿ, ಹೆಚ್ಚಿನವರಿಗೆ ಹದಿನಾರರ ಒಳಗೆ ಇಳಿಯುತ್ತದೆ. ತಲೆದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಮಂಡಕ್ಕಿ, ಹುರಿಗಡಲೆ ಇಟ್ಟುಕೊಳ್ಳಿ, ಏಳುವ ಮುಂಚೆ ನಾಲ್ಕು ಕಾಳು ಅಗಿಯಿರಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ, ತೂಕ ಇಳಿದರೆ, ಎದ್ದರೆ ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಬನ್ನಿ. “ಎಲ್ಲರಿಗೂ ಆಗುತ್ತದೆ” ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳಿ ಎಂದಾಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬರು ಕೈ ಎತ್ತಿದರು. ಸಭೆಯಲ್ಲಿ ಗಂಡಸರು ನಾಲ್ಕೇ ಮಂದಿ ಇದ್ದದ್ದು. “ಮೇಡಂ, ನನ್ನ ಹೆಂಡತಿಗೆ ಒಗ್ಗರಣೆಯ ವಾಸನೆ ಬಂದರೆ ವಾಂತಿ. ಏನು ಮಾಡಬೇಕು?”

“ಈಗ ಒಗ್ಗರಣೆ ಹಾಕುತ್ತಿರುವುದು ಯಾರು?” ಎಂದೆ.

“ಅವಳೇ.”

ಹೆಂಗಸರೆಲ್ಲ ನಕ್ಕರು. ನಾನು ಅವರಿಗೆ ಸಾಸಿವೆ ಸಿಡಿಯಲು ಎಣ್ಣೆ ಎಷ್ಟು ಕಾಯಬೇಕೆಂದು ಹೇಳಿಕೊಟ್ಟೆ.